ಬೀದಿಗೊಂದೇ ಕಾರು

ಮಕ್ಕಳೇ, ಈಗ ಕೊಳ್ಳೇಗಾಲದ ಯಾವ ಬೀದಿಗೆ ಹೋದರೂ ಕಾರುಗಳ ಸಾಲು. ಗೇಟಿನ ಮುಂದೆ ಒಂದು, ಚರಂಡಿ ಕಲ್ಲಿನ ಮೇಲೆ ಒಂದು, ಬೇವಿನ ಮರದ ನೆರಳಿಗೆ ಇನ್ನೊಂದು. ನಿಮ್ಮಲ್ಲಿ ಎಷ್ಟೋ ಮಂದಿ ಬರೀ ಸದ್ದು ಕೇಳಿಯೇ ಅದು ಯಾವ ಕಂಪನಿಯ ಕಾರು ಎಂದು ಹೇಳಬಲ್ಲಿರಿ. ನಾನು ಹನೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ಕಾಲದಲ್ಲಿ ಕೊಳ್ಳೇಗಾಲದ ನಮ್ಮ ಇಡೀ ಬೀದಿಗೆ ಇದ್ದದ್ದು ಒಂದೇ ಕಾರು, ಒಂದೇ ಫೋನು. ಫೋನು ಎದುರು ಮನೆಯ ರೇಷ್ಮೆ ವ್ಯಾಪಾರಿಗಳದು, ಕಾರು ನಮ್ಮದು. ಈ ವಾರ ಆ ಕಾರಿನ ಕತೆ.

ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ, ಆಗ ರಸ್ತೆಯಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದು ಎರಡೇ ಬಗೆಯ ಕಾರು. ಒಂದು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್. ಇನ್ನೊಂದು, ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿದ್ದ ಫಿಯಟ್. ಇಟಲಿಯ ಫಿಯಟ್ 1100 ಕಾರೇ ನಮ್ಮ ದೇಶದಲ್ಲಿ 1970ರ ದಶಕದಲ್ಲಿ ‘ಪ್ರೀಮಿಯರ್ ಪದ್ಮಿನಿ’ ಆಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಫಿಯಟ್ಟೇ. ಹೊಸ ಕಾರು ಬೇಕಾದರೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಕೊಟ್ಟರು. ಅದರ ಬೆಲೆ 47,500 ರೂಪಾಯಿ. ಆಮೇಲೆ ಪೇಟೆಯವರು ಮಾರುತಿಯ ಕಡೆ ತಿರುಗಿದರು, ಹಳೆಯ ಫಿಯಟ್‌ಗಳು ನಮ್ಮಂಥವರ ಕೈಗೆಟುಕುವ ಬೆಲೆಗೆ ಇಳಿದವು.

ಹಾಗೆ 1988ರಲ್ಲಿ ಮೈಸೂರಿನಿಂದ ಒಂಬತ್ತು ವರ್ಷ ಹಳೆಯ ಪದ್ಮಿನಿ ನಮ್ಮ ಮನೆಗೆ ಬಂತು. ಬೆಲೆ 32 ಸಾವಿರ. ನನ್ನ ಸಂಬಳ ಆಗ ಎರಡು ಸಾವಿರ ಮುಟ್ಟಿರಲಿಲ್ಲ. ಸೊಸೈಟಿ ಸಾಲ ಅರ್ಧ, ಅಜ್ಜಿಯ ನಾಲ್ಕು ಬಳೆ ಇನ್ನರ್ಧ. ಅಜ್ಜಿ ಎಂದರೆ ನನ್ನ ಮೊಮ್ಮಕ್ಕಳ ಅಜ್ಜಿ, ನಮ್ಮ ಮನೆಯಾಕೆ. ಬಳೆ ಕೊಟ್ಟವರು ಅವರಾದ್ದರಿಂದ ಕಾರಿನ ವಿಷಯದಲ್ಲಿ ಕೊನೆಯ ಮಾತೂ ಅವರದೇ. ಮರಡಿಗುಡ್ಡದ ತಪ್ಪಲಿನಲ್ಲಿ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದೆವು. ಬೀದಿಯ ಮಕ್ಕಳಿಗೆಲ್ಲ ಒಂದೊಂದು ಸುತ್ತು. ಹದಿನಾಲ್ಕು ಮಕ್ಕಳು, ಮೂರು ಸುತ್ತಿನಲ್ಲಿ ಮುಗಿಯಿತು.

ಆ ಕಾರಿನ ಒಳಗೆ ಈಗಿನ ಕಾರಿನಲ್ಲಿಲ್ಲದ ಎಷ್ಟೋ ಸಂಗತಿಗಳಿದ್ದವು. ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ, ಮೂವರು ಕೂರಬಹುದು. ಗೇರು ಕೆಳಗಿರಲಿಲ್ಲ, ಸ್ಟಿಯರಿಂಗ್ ಪಕ್ಕದಲ್ಲೇ ಕೋಲಿನ ಹಾಗೆ ಚಾಚಿಕೊಂಡಿತ್ತು. ಚಳಿಗಾಲದ ಬೆಳಗ್ಗೆ ಚೋಕ್ ಎಳೆಯದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಯಾಕೆ ಗೊತ್ತೇ? ತಣ್ಣಗಿರುವಾಗ ಪೆಟ್ರೋಲು ಸುಲಭವಾಗಿ ಆವಿಯಾಗುವುದಿಲ್ಲ. ಚೋಕ್ ಎಳೆದರೆ ಒಳಗೆ ಹೋಗುವ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ಎಂಜಿನ್ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಸತ್ತರೆ ತಳ್ಳಬೇಕು. ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಒತ್ತಿ ಕೂತರೆ ಬೀದಿಯ ಮಕ್ಕಳು ‘ಐಸಾ’ ಎಂದು ತಳ್ಳುತ್ತಿದ್ದರು. ವೇಗ ಬಂದಾಗ ಕ್ಲಚ್ ಬಿಟ್ಟರೆ ಚಕ್ರ ಎಂಜಿನ್ನನ್ನು ತಿರುಗಿಸಿ, ಒಂದು ಸಲ ಕೆಮ್ಮಿ, ಗುರ್ ಎನ್ನುತ್ತಿತ್ತು. ತಳ್ಳಿದವರಿಗೆಲ್ಲ ಕಡಲೆಮಿಠಾಯಿ. ಬ್ಯಾಟರಿ ಸಾಯಲಿ ಎಂದು ಹರಕೆ ಹೊತ್ತ ಹುಡುಗರೂ ಇದ್ದರು!

ನಮ್ಮ ಮೊದಲ ದೂರದ ಸವಾರಿ ಬಿಳಿಗಿರಿರಂಗನ ಬೆಟ್ಟಕ್ಕೆ. ಯಳಂದೂರು ನಮ್ಮಿಂದ ಹತ್ತಿರ, ಹದಿನೈದು ಹದಿನಾರು ಕಿಲೋಮೀಟರ್. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು ಅದು. ಅಲ್ಲಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪದ ಮುಂದೆ ಕಾರು ನಿಲ್ಲಿಸಿ, ಕಲ್ಲಿನಲ್ಲೇ ಕೊರೆದ ಬಳೆಗಳ ಸರಪಳಿಯನ್ನು ಮಕ್ಕಳಿಗೆ ತೋರಿಸಿದೆವು. ಅಜ್ಜಿ ತಮ್ಮ ಬರಿಗೈ ನೋಡಿಕೊಂಡು, “ನನ್ನ ಬಳೆ ರೋಡಲ್ಲಿ ಓಡ್ತಾ ಇದೆ, ಇವರ ಬಳೆ ಕಲ್ಲಲ್ಲಿ ಕೂತಿದೆ” ಎಂದರು.

ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬೆಟ್ಟ ಹತ್ತಲು ಶುರುವಾದ ಮೇಲೆ ಕಾರು ಎರಡು ಕಡೆ ನಿಂತಿತು. ಒಮ್ಮೆ ರೇಡಿಯೇಟರ್ ಕುದಿದು ಹಬೆ ಬಂತು. ಏರು ದಾರಿಯಲ್ಲಿ ಎಂಜಿನ್ನಿಗೆ ಕೆಲಸ ಹೆಚ್ಚು, ಕಾರು ನಿಧಾನವಾಗಿ ಹೋಗುವುದರಿಂದ ಎದುರುಗಾಳಿ ಕಡಿಮೆ, ಹಾಗಾಗಿ ನೀರು ಕಾಯುತ್ತದೆ. ಅಂಥ ಹೊತ್ತಿನಲ್ಲಿ ಮುಚ್ಚಳ ಮುಟ್ಟಲೇಬಾರದು, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ತೆಗೆದು, ಅರ್ಧ ಗಂಟೆ ಪುಳಿಯೋಗರೆ ತಿನ್ನುತ್ತಾ ಕಾಯಬೇಕು. ಇನ್ನೊಮ್ಮೆ ನೀರು ಸರಿಯಾಗಿದ್ದರೂ ಎಂಜಿನ್ ಉಸಿರು ಕಟ್ಟಿ ನಿಂತಿತು. ಹಿಂದಿನಿಂದ ಬಂದ ಲಾರಿ ಡ್ರೈವರಣ್ಣ ಇಳಿದು, ಅಜ್ಜಿಯ ಕೈಲಿದ್ದ ಟವೆಲ್ ಇಸಿದುಕೊಂಡು, ನೀರಲ್ಲಿ ಅದ್ದಿ ಪೆಟ್ರೋಲ್ ಪಂಪಿನ ಮೇಲೆ ಹಾಕಿದ. ಶಾಖಕ್ಕೆ ಪೆಟ್ರೋಲು ಪೈಪಿನಲ್ಲೇ ಆವಿಯಾದರೆ ಪಂಪಿಗೆ ಅದನ್ನು ಮುಂದಕ್ಕೆ ತಳ್ಳಲು ಆಗುವುದಿಲ್ಲ. ತಂಪು ತಗುಲಿದರೆ ಆವಿ ಮತ್ತೆ ದ್ರವವಾಗುತ್ತದೆ. ಪುಸ್ತಕದಲ್ಲಿ ನಾನು ಪಾಠ ಮಾಡುತ್ತಿದ್ದ ಬಾಷ್ಪೀಕರಣವನ್ನು ಆ ಡ್ರೈವರಣ್ಣ ಒಂದು ಟವೆಲಿನಲ್ಲಿ ತೋರಿಸಿದ. ಅಂದಿನಿಂದ ಆ ಕಾರಿನಲ್ಲಿ ಒಂದು ಕೊಡ ನೀರು, ಒಂದು ಟವೆಲ್ ಕಾಯಂ.

ಇಷ್ಟು ನಗುವ ಕತೆ. ಇನ್ನು ಮುಂದಿನದು ಸ್ವಲ್ಪ ಬೇರೆ.

ಕಾರು ಬಂದ ಎರಡನೇ ತಿಂಗಳು ರಾತ್ರಿ ಬಾಗಿಲು ತಟ್ಟಿದ ಸದ್ದು. ಪಕ್ಕದ ಮನೆಯ ಮಗುವಿಗೆ ಜ್ವರ ನೆತ್ತಿಗೇರಿ ಕೈಕಾಲು ಸೆಟೆದಿತ್ತು. ಆಸ್ಪತ್ರೆಗೆ ಕರೆದೊಯ್ದೆವು, ಬೆಳಗಾಗುವಷ್ಟರಲ್ಲಿ ಮಗು ಹುಷಾರಾಯಿತು. ಮರುದಿನ ಅಜ್ಜಿ ಎರಡು ನಿಯಮ ಮಾಡಿದರು. ಮೊದಲನೆಯದು, ಮದುವೆ ದಿಬ್ಬಣಕ್ಕೆ ಕಾರು ಕೊಡುವುದಿಲ್ಲ, ಆಸ್ಪತ್ರೆಗೆ ಇಲ್ಲ ಅನ್ನುವುದಿಲ್ಲ. ಎರಡನೆಯದು, ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಬಾರದು. ರಾತ್ರಿ ಬಂಕ್ ತೆರೆದಿರುತ್ತಿರಲಿಲ್ಲವಲ್ಲ. ನನ್ನ ಶಾಲೆಯ ಒಂದು ನೋಟ್‌ಬುಕ್ ತೆಗೆದುಕೊಂಡು ಗೆರೆ ಹಾಕಿದರು: ತಾರೀಖು, ಯಾರ ಮನೆಯವರು, ಎಲ್ಲಿಗೆ, ಹೊರಟ ಹೊತ್ತು, ಬಂದ ಹೊತ್ತು. ದುಡ್ಡಿನ ಕಾಲಂ ಇರಲಿಲ್ಲ. ಪೆಟ್ರೋಲಿಗೆ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ.

ಆ ಪುಸ್ತಕದಲ್ಲಿ 1993ರ ಮಳೆಗಾಲದ ಒಂದು ಸಾಲು ಇದೆ. ಅದು ವೀರಪ್ಪನ್ ಕಾಡಿನಲ್ಲಿದ್ದ ಕಾಲ. ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಹತ್ಯೆಯಾಗಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿದು ಅನೇಕರು ಸತ್ತಿದ್ದರು. ಹನೂರು ದಾಟಿ ಮಹದೇಶ್ವರ ಬೆಟ್ಟದ ಕಡೆಗೆ ಕತ್ತಲಾದ ಮೇಲೆ ಹೋಗಲು ಯಾರಿಗೂ ಧೈರ್ಯ ಇರಲಿಲ್ಲ.

ರಾತ್ರಿ ಒಂಬತ್ತೂವರೆಗೆ ಎದುರು ಮನೆಗೆ ಹನೂರಿನಿಂದ ಫೋನು. ಕೌದಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಶಿಷ್ಯನೊಬ್ಬನ ಅಕ್ಕನಿಗೆ ಹೆರಿಗೆ ನೋವು, ಬೆಳಗ್ಗೆಯಿಂದ ಮಗು ಅಡ್ಡ ನಿಂತಿದೆ. ಅವಳ ಸೋದರಮಾವ ಮೊಪೆಡ್‌ನಲ್ಲಿ ಹನೂರಿಗೆ ಬಂದು ಕೇಳಿದರೂ ಬಾಡಿಗೆ ಕಾರಿನವರು ಆ ದಾರಿಗೆ ಒಪ್ಪಿರಲಿಲ್ಲ. “ಮೇಷ್ಟ್ರೇ, ನೀವೇ ಕೈ ಹಿಡೀಬೇಕು ಬುದ್ಧಿ” ಎಂದು ಆ ಮನುಷ್ಯ ಫೋನಿನಲ್ಲೇ ಅತ್ತುಬಿಟ್ಟ.

ನಾನು ಅಜ್ಜಿಯ ಮುಖ ನೋಡಿದೆ. ಮನೆಯಲ್ಲಿ ಎರಡು ಸಣ್ಣ ಮಕ್ಕಳು ಮಲಗಿದ್ದವು. ಅಜ್ಜಿ ತುಸು ಹೊತ್ತು ಸುಮ್ಮನಿದ್ದು, “ಬೀಗದ ಕೈ ಅಲ್ಲೇ ಮೊಳೆಗಿದೆ. ಒಬ್ಬರೇ ಹೋಗಬೇಡಿ” ಎಂದರು. ರೇಷ್ಮೆ ವ್ಯಾಪಾರಿಗಳ ಮಗ ಮತ್ತು ಮೂಲೆಮನೆಯ ನೇಕಾರಣ್ಣ ಬಂದು ಕೂತರು. ಚೆಕ್‌ಪೋಸ್ಟ್‌ನಲ್ಲಿ ಪೊಲೀಸರು ಟಾರ್ಚ್ ಬಿಟ್ಟು ನೋಡಿ, “ಒಳಗಿನ ದೀಪ ಹಾಕ್ಕೊಂಡೇ ಹೋಗಿ ಮೇಷ್ಟ್ರೇ, ಯಾರಿದ್ದೀರಿ ಅಂತ ಕಾಣಲಿ” ಎಂದರು. ಹಾಗಾಗಿ ಕಾಡಿನ ಕತ್ತಲಲ್ಲಿ ನಮ್ಮ ಪದ್ಮಿನಿ ದೀಪ ಹಚ್ಚಿದ ಗೂಡಿನ ಹಾಗೆ ಹೋಯಿತು. ಹೊರಗಿನವರಿಗೆ ನಾವು ಕಾಣುತ್ತಿದ್ದೆವು, ನಮಗೆ ಹೊರಗೆ ಏನೂ ಕಾಣುತ್ತಿರಲಿಲ್ಲ. ಯಾರೂ ಮಾತಾಡಲಿಲ್ಲ. ನೇಕಾರಣ್ಣ ಮಾತ್ರ ಆಗಾಗ “ಮಾದಪ್ಪಾ” ಎನ್ನುತ್ತಿದ್ದ.

ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ಅವಳ ತಾಯಿಯ ತೊಡೆಯ ಮೇಲೆ ಮಲಗಿಸಿಕೊಂಡು ಕೊಳ್ಳೇಗಾಲಕ್ಕೆ ಬಂದೆವು. ಅಲ್ಲಿನ ಡಾಕ್ಟರಮ್ಮ ನೋಡಿ, “ಆಪರೇಷನ್ ಆಗಬೇಕು, ಮೈಸೂರಿಗೆ ಹೋಗಿ, ತಡ ಮಾಡಬೇಡಿ” ಎಂದರು. ತಿ. ನರಸೀಪುರದ ದಾರಿ ಹಿಡಿದೆವು, ಇನ್ನೂ ಅರವತ್ತು ಕಿಲೋಮೀಟರ್. ಗುಂಡಿ ಸಿಕ್ಕಿದಲ್ಲೆಲ್ಲ ಅವಳು ನರಳುತ್ತಿದ್ದಳು. ಜೋರಾಗಿ ಹೋದರೆ ಅವಳಿಗೆ ನೋವು, ನಿಧಾನ ಹೋದರೆ ಹೊತ್ತು ಮೀರುತ್ತದೆ. ಮೈಸೂರು ತಲುಪಿದಾಗ ನಡುರಾತ್ರಿ ಮೀರಿ ಬಹಳ ಹೊತ್ತಾಗಿತ್ತು. ಬೆಳಗ್ಗೆ ಆರಕ್ಕೆ ಹೆಣ್ಣು ಮಗು. ತಾಯಿಯೂ ಉಳಿದಳು. ಪುಸ್ತಕದಲ್ಲಿ ಅಜ್ಜಿ ಬರೆದದ್ದು ಇಷ್ಟೇ: ‘ಬಂದ ಹೊತ್ತು, ಮಾರನೇ ದಿನ ಹನ್ನೊಂದು ಗಂಟೆ.’ ಆಮೇಲೆ ಪ್ರತಿ ಸಂಕ್ರಾಂತಿಗೂ ಆ ಮನೆಯಿಂದ ಒಂದು ಚೀಲ ಅವರೆಕಾಯಿ ಬರುತ್ತಿತ್ತು.

ಎಲ್ಲ ಸಾಲುಗಳೂ ಸಂತೋಷದವಲ್ಲ, ಮಕ್ಕಳೇ. ಒಂದು ಸಾಲಿನಲ್ಲಿ ಬಂದ ಹೊತ್ತಿನ ಜಾಗ ಖಾಲಿ ಇದೆ. ಎದೆನೋವೆಂದು ಹೊರಟ ಹಿರಿಯರೊಬ್ಬರು ನರಸೀಪುರ ತಲುಪುವ ಮೊದಲೇ ತೀರಿಕೊಂಡರು. ತಿಥಿಯ ಮರುದಿನ ಅವರ ಮಗ ಪೆಟ್ರೋಲಿನ ದುಡ್ಡು ಹಿಡಿದು ಬಂದ. ಅಜ್ಜಿ ಅದನ್ನು ಮುಟ್ಟಲಿಲ್ಲ. “ಆ ಕಾರಿನಲ್ಲಿ ಅವರಿಗೆ ಉಸಿರು ಕೊಡೋಕೆ ಏನೂ ಇರಲಿಲ್ಲವಲ್ಲ” ಎಂದು ಬಹಳ ದಿನ ಹೇಳುತ್ತಿದ್ದರು.

ವರ್ಷಗಳು ಉರುಳಿದವು. ನಾನು ನಿವೃತ್ತನಾದೆ. 2006ರಲ್ಲಿ ಬೆಂಗಳೂರಿನಲ್ಲಿದ್ದ ಮಗ ತಾನು ಕಾರು ಕೊಂಡ. ಊರಿಗೆ ಬಂದಾಗಲೆಲ್ಲ ಒಂದೇ ಮಾತು: ಈ ಹಳೇ ಗಾಡಿ ಕೊಟ್ಟುಬಿಡಿ. ಅಜ್ಜಿಗೆ ಸಿಟ್ಟು. “ರಾತ್ರಿ ಹನ್ನೆರಡಕ್ಕೆ ಬಾಗಿಲು ತಟ್ಟಿದರೆ ನೀನು ಬೆಂಗಳೂರಿಂದ ಬರ್ತೀಯೇನಪ್ಪಾ?” ಮಗನೂ ಬಿಡಲಿಲ್ಲ. “ಅಮ್ಮಾ, ಅಪ್ಪನಿಗೆ ಅರವತ್ತು ದಾಟಿತು. ಎದುರು ಲಾರಿಯ ದೀಪಕ್ಕೆ ಕಣ್ಣು ಕಟ್ಟುತ್ತೆ ಅಂತ ಅವರೇ ಹೇಳ್ತಾರೆ. ಗಾಡಿಗೆ ಇಪ್ಪತ್ತೇಳು ವರ್ಷ. ರೋಗಿಯ ಜೊತೆ ಅಪ್ಪನೂ ದಾರಿಯಲ್ಲಿ ಉಳಿದರೆ?” ಇಬ್ಬರ ಮಾತೂ ಸರಿಯೇ. ಎರಡು ವರ್ಷ ಆ ಜಗಳ ಹಾಗೇ ಇತ್ತು. ಹಬ್ಬಕ್ಕೆ ಬಂದ ಮಗ ಎರಡು ಸಲ ಮುನಿಸಿಕೊಂಡು ಊಟ ಬಿಟ್ಟು ಹೊರಟ.

2008ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾಯಿತು. ಮರುವರ್ಷದ ಬೇಸಿಗೆಯಲ್ಲಿ ನೇಕಾರಣ್ಣನಿಗೇ ಎದೆನೋವು ಬಂತು. ನಾನು ಕೀಲಿ ತೆಗೆದುಕೊಳ್ಳುವಷ್ಟರಲ್ಲಿ ಅವನ ಮೊಮ್ಮಗ ಫೋನು ಮಾಡಿಯಾಗಿತ್ತು. ಬಿಳಿ ವ್ಯಾನು ಬೀದಿಗೆ ಬಂತು. ಅಜ್ಜಿ ಅದರ ಬಾಗಿಲ ಬಳಿ ನಿಂತು ಒಳಗೆ ಇಣುಕಿ ನೋಡಿದರು. ಮಲಗಿಸುವ ಸ್ಟ್ರೆಚರ್, ಆಮ್ಲಜನಕದ ಸಿಲಿಂಡರ್, ಪಕ್ಕದಲ್ಲಿ ತರಬೇತಾದ ಹುಡುಗ. ನೇಕಾರಣ್ಣನ ಮೂಗಿಗೆ ಮಾಸ್ಕ್ ಹಾಕಿದ್ದನ್ನು ನೋಡಿದ ಮೇಲೆ ಮನೆಯೊಳಗೆ ಬಂದು, “ನಮ್ಮದರಲ್ಲಿ ಇದ್ದದ್ದು ಒಂದು ಕೊಡ ನೀರು, ಒಂದು ಟವೆಲ್” ಎಂದರು. ನೇಕಾರಣ್ಣ ವಾರದ ಮೇಲೆ ನಡೆದುಕೊಂಡು ಮನೆಗೆ ಬಂದ. ಆ ಸಂಜೆ ಅಜ್ಜಿಯೇ ಮಗನಿಗೆ ಫೋನು ಮಾಡಿದರು: “ಈಗ ಕೊಡಬಹುದು ಕಣಪ್ಪಾ.”

ಹಳೆಯ ಫಿಯಟ್‌ಗಳನ್ನು ಪ್ರೀತಿಯಿಂದ ರಿಪೇರಿ ಮಾಡಿ ಇಟ್ಟುಕೊಳ್ಳುವ ಮೈಸೂರಿನ ಮೆಕ್ಯಾನಿಕ್ ಒಬ್ಬರು ಬಂದು ಕೊಂಡುಹೋದರು. ತಳ್ಳಲು ಮಕ್ಕಳು ಬೇಕಾಗಲಿಲ್ಲ, ಅಂದು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಪುಸ್ತಕ ಮಾತ್ರ ನಮ್ಮಲ್ಲೇ ಉಳಿಯಿತು. ಕೊನೆಯ ಸಾಲಿನ ಸಂಖ್ಯೆ 143.

ಮಕ್ಕಳೇ, ಈಗ ನಿಮ್ಮ ಬೀದಿಯಲ್ಲಿ ಹತ್ತಾರು ಕಾರುಗಳಿವೆ, ಕರೆದರೆ ಆಂಬುಲೆನ್ಸೂ ಬರುತ್ತದೆ. ಆದರೂ ಈ ವಾರ ಒಂದು ಕೆಲಸ ಮಾಡಿ. 108 ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಮನೆಯಲ್ಲಿ ಅಜ್ಜ ಅಜ್ಜಿಯರ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ನಿಮ್ಮ ಮನೆಯ ಗುರುತನ್ನು, ಯಾವ ದೇವಸ್ಥಾನದ ಪಕ್ಕ, ಯಾವ ಅಂಗಡಿಯ ಎದುರು ಎಂದು, ಫೋನಿನಲ್ಲಿ ತಡವರಿಸದೆ ಹೇಳಲು ಅಭ್ಯಾಸ ಮಾಡಿ. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ ಅವರ ಮನೆಯಲ್ಲೂ ಒಂದು ಚೀಟಿ ಅಂಟಿಸಿ, ರಾತ್ರಿ ಬೇಕಾದರೆ ನಮ್ಮ ಬಾಗಿಲು ತಟ್ಟಿ ಎಂದು ಹೇಳಿ ಬನ್ನಿ.

ಹಾಗೆಯೇ ನಿಮ್ಮ ಮನೆಗೆ ಬಂದ ಮೊದಲ ಗಾಡಿ ಯಾವುದು, ಸೈಕಲ್ಲೋ ಎತ್ತಿನ ಗಾಡಿಯೋ ಮೊಪೆಡ್ಡೋ, ಅದು ಯಾರ ಯಾರ ಕಷ್ಟಕ್ಕೆ ಆಯಿತು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದು ಕಳಿಸಿ. ಒಳ್ಳೆಯ ಪತ್ರಗಳನ್ನು ಮುಂದಿನ ವಾರಗಳಲ್ಲಿ ಎಲ್ಲರೂ ಕೂಡಿ ಓದೋಣ.