ನಕ್ಷೆಯಲ್ಲಿ ಅಳಿಯುವ ಹಸಿರು: ನಮ್ಮ ಸಂಘಗಳು ಸುಮ್ಮನಿರಬೇಕೆ?

ಮುಂಬಯಿಯ ನಮ್ಮ ಸಂಘ ಸಂಸ್ಥೆಗಳ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ಚರ್ಚೆಗೆ ಬಾರದ ವಿಷಯ ಕಡಿಮೆ. ವಾರ್ಷಿಕೋತ್ಸವ, ವಿದ್ಯಾರ್ಥಿವೇತನ, ಯಕ್ಷಗಾನ, ವೈದ್ಯಕೀಯ ಶಿಬಿರ, ಊರಿನ ದೇವಸ್ಥಾನದ ಬ್ರಹ್ಮಕಲಶ, ಕೊಂಕಣ ರೈಲ್ವೆಯಲ್ಲಿ ಹೆಚ್ಚುವರಿ ಗಾಡಿ, ಎಲ್ಲವೂ ಕಾರ್ಯಸೂಚಿಯಲ್ಲಿ ಇರುತ್ತವೆ. ಆದರೆ ನಾವು ದಿನನಿತ್ಯ ಬದುಕುವ ವಾರ್ಡಿನಲ್ಲಿ ಯಾವ ಜಾಗ ಉದ್ಯಾನ, ಯಾವುದು ಮೈದಾನ, ಯಾವುದರ ಮೇಲೆ ನಾಳೆ ಗಗನಚುಂಬಿ ಕಟ್ಟಡ ಏಳಲಿದೆ ಎಂಬುದನ್ನು ನಿರ್ಧರಿಸುವ ಮಹಾನಗರ ಪಾಲಿಕೆಯ ಅಭಿವೃದ್ಧಿ ಯೋಜನೆ ಮಾತ್ರ ಅಲ್ಲಿ ಚರ್ಚೆಯಾಗುವುದು ಅಪರೂಪ. ಬಿಲ್ಡರುಗಳು 'ಡಿಪಿ' ಎಂದು ಕರೆಯುವ ಈ ನಕ್ಷೆಯನ್ನು ಬಿಲ್ಡರುಗಳಷ್ಟು ಶ್ರದ್ಧೆಯಿಂದ ಓದುವವರು ಬೇರೆ ಯಾರೂ ಇಲ್ಲ ಎಂಬುದೇ ಇಂದಿನ ಖೇದದ ಸಂಗತಿ.

ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆ ಬಂದದ್ದು 1966ರಲ್ಲಿ. ಮುಂಬಯಿಯ ಮೊದಲ ಅಭಿವೃದ್ಧಿ ಯೋಜನೆಗೆ 1967ರಲ್ಲಿ ಮಂಜೂರಾತಿ ದೊರೆಯಿತು. ಎರಡನೆಯದು 1990ರ ದಶಕದ ಆರಂಭದಲ್ಲಿ ಜಾರಿಯಾಯಿತು. ಈಗ ನಡೆಯುತ್ತಿರುವುದು ಮೂರನೆಯದು. 2034ರವರೆಗಿನ ಈ ಯೋಜನೆಯನ್ನು ಪಾಲಿಕೆ 2017ರ ಜುಲೈಯಲ್ಲಿ ಅಂಗೀಕರಿಸಿತು, ರಾಜ್ಯ ಸರಕಾರ 2018ರಲ್ಲಿ ಮಂಜೂರು ಮಾಡಿತು, ಅದೇ ವರ್ಷದ ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂತು. ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಸ್ಥಾಪನೆಯಾದವು. ಅಂದರೆ ಈ ನಗರದಲ್ಲಿ ನಮ್ಮ ಸಂಸ್ಥೆಗಳು ಮೂರೂ ಯೋಜನೆಗಳಿಗಿಂತ ಹಿರಿಯವು. ಹಿರಿಯರಾದವರು ಮನೆಯ ಪಾಲುಪಟ್ಟಿಯನ್ನು ಓದದೆ ಇರುವುದು ಸರಿಯಲ್ಲ.

'ಆಕ್ಷೇಪ ಬರೆದು ಏನು ಪ್ರಯೋಜನ? ಎಲ್ಲ ಮೊದಲೇ ನಿರ್ಧಾರವಾಗಿರುತ್ತದೆ' ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಈ ಮಾತಿಗೆ 2015ರ ಘಟನೆಯೇ ಉತ್ತರ. ಆ ವರ್ಷದ ಫೆಬ್ರವರಿಯಲ್ಲಿ ಪ್ರಕಟವಾದ ಕರಡು ಯೋಜನೆಯಲ್ಲಿ ಆರೇ ಕಾಲೊನಿಯ ಹಸಿರು ಪ್ರದೇಶವನ್ನು ಬೆಳವಣಿಗೆಯ ಕೇಂದ್ರವನ್ನಾಗಿ ತೆರೆಯುವ ಪ್ರಸ್ತಾವವಿತ್ತು. ಇದ್ದ ಕಟ್ಟಡಗಳ ಮೇಲೆಯೇ ರಸ್ತೆ ಎಳೆದಂತಹ ತಪ್ಪುಗಳೂ ಬೇಕಾದಷ್ಟಿದ್ದವು. ನಾಗರಿಕ ಸಂಘಟನೆಗಳು, ವಾಸ್ತುಶಿಲ್ಪಿಗಳು, ಸಾಮಾನ್ಯ ನಿವಾಸಿಗಳು ಸೇರಿ ಹತ್ತಾರು ಸಾವಿರ ಆಕ್ಷೇಪಗಳನ್ನು ಸಲ್ಲಿಸಿದರು. ಪರಿಣಾಮವಾಗಿ ಏಪ್ರಿಲ್‌ನಲ್ಲಿ ಅಂದಿನ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಅವರು ಇಡೀ ಕರಡನ್ನು ಪರಿಷ್ಕರಿಸಲು ಆದೇಶಿಸಬೇಕಾಯಿತು. 2016ರಲ್ಲಿ ಬಂದ ಪರಿಷ್ಕೃತ ಕರಡಿನಲ್ಲಿ ಆರೇಯ ಆ ಪ್ರಸ್ತಾವ ಇರಲಿಲ್ಲ. ಕಾಗದಕ್ಕೆ ಬೆಲೆಯಿಲ್ಲ ಎನ್ನುವವರು ಇದನ್ನು ನೆನಪಿಡಬೇಕು.

ಆದರೆ ಒಮ್ಮೆ ಗೆದ್ದರೆ ಮುಗಿಯಿತು ಎಂದು ತಿಳಿಯುವುದೂ ತಪ್ಪು. ಅದಕ್ಕೂ ಆರೇಯೇ ಸಾಕ್ಷಿ. ನಗರದ ಎಮ್ಮೆ ತಬೇಲಾಗಳನ್ನು ಹೊರಗೊಯ್ಯಲು 1949ರಲ್ಲಿ ಹುಟ್ಟಿದ, ಮೂರು ಸಾವಿರಕ್ಕೂ ಹೆಚ್ಚು ಎಕರೆಯ ಈ ಹಾಲಿನ ಕಾಲೊನಿಯ ಒಂದು ಭಾಗವನ್ನು ಮೆಟ್ರೋ-3ರ ಕಾರ್‌ಶೆಡ್ಡಿಗೆ ಆರಿಸಲಾಯಿತು. 2019ರ ಅಕ್ಟೋಬರ್ 4ರಂದು ಮುಂಬಯಿ ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿದ ರಾತ್ರಿಯೇ ಮರ ಕಡಿಯುವ ಕೆಲಸ ಆರಂಭವಾಯಿತು. ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ತಡೆ ನೀಡುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ನೆಲಕ್ಕುರುಳಿದ್ದವು. 2020ರಲ್ಲಿ ಕಾರ್‌ಶೆಡ್ಡನ್ನು ಕಾಂಜೂರ್‌ಮಾರ್ಗಕ್ಕೆ ಒಯ್ಯುವ, ಆರೇಯ 812 ಎಕರೆಯನ್ನು ಮೀಸಲು ಅರಣ್ಯ ಮಾಡುವ ತೀರ್ಮಾನ ಬಂತು. 2022ರಲ್ಲಿ ಸರಕಾರ ಬದಲಾಯಿತು, ಕಾರ್‌ಶೆಡ್ ಮರಳಿ ಆರೇಗೇ ಬಂತು. ಮೆಟ್ರೋ-3 ಈಗ ಆರೇಯಿಂದ ಕಫ್ ಪರೇಡ್‌ವರೆಗೆ ಓಡುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಪೂರ್ತಿ ಮಾರ್ಗ ತೆರೆಯಿತು. ನಮ್ಮವರೂ ಅದರಲ್ಲಿ ಪ್ರಯಾಣಿಸುತ್ತಾರೆ, ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಪ್ರಶ್ನೆ ಇರುವುದು ಮೆಟ್ರೋ ಬೇಕೇ ಬೇಡವೇ ಎಂಬುದರಲ್ಲಲ್ಲ. ಬೇರೆ ಜಾಗಗಳ ವಿಚಾರ ಸಮಯಕ್ಕೆ ಸರಿಯಾಗಿ, ಮರಗಳು ನಿಂತಿರುವಾಗಲೇ ಆಗಬೇಕಿತ್ತು.

ಆರೇಯ ಹೆಸರು ಎಲ್ಲರಿಗೂ ಗೊತ್ತು. ಉಪ್ಪಿನಾಗರಗಳ ಬಗ್ಗೆ ಮಾತನಾಡುವವರು ಕಡಿಮೆ. ಮುಲುಂಡ್, ಭಾಂಡೂಪ್, ಕಾಂಜೂರ್‌ಮಾರ್ಗ್, ವಡಾಲಾ ಮುಂತಾದೆಡೆ ಐದು ಸಾವಿರ ಎಕರೆಗೂ ಹೆಚ್ಚಿನ ಉಪ್ಪಿನಾಗರಗಳಿವೆ. ಹಿಂದಿನ ಯೋಜನೆಗಳಲ್ಲಿ ಕಟ್ಟಡ ನಿಷಿದ್ಧ ವಲಯವಾಗಿದ್ದ ಜಮೀನಿನ ಒಂದು ಭಾಗವನ್ನೂ ಉಪ್ಪಿನಾಗರಗಳ ಒಂದು ಭಾಗವನ್ನೂ ಕೈಗೆಟಕುವ ದರದ ಮನೆಗಳಿಗಾಗಿ ತೆರೆಯುವ ದಾರಿಯನ್ನು 2034ರ ಯೋಜನೆ ಮಾಡಿಕೊಟ್ಟಿತು. 2024ರಲ್ಲಿ ಧಾರಾವಿ ಪುನರ್ವಿಕಾಸಕ್ಕೆಂದು ಸುಮಾರು 256 ಎಕರೆ ಉಪ್ಪಿನಾಗರಗಳನ್ನು ಕೊಡಲು ಒಪ್ಪಿಗೆಯಾಯಿತು. ಕರಾವಳಿಯಿಂದ ಬಂದ ನಮಗೆ ಆಗರದ ಕೆಲಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಬ್ಬರದ ನೀರನ್ನೂ ಮಳೆಯ ನೀರನ್ನೂ ತನ್ನ ಮೇಲೆ ಹರಡಿಕೊಂಡು ಊರೊಳಗೆ ನುಗ್ಗದಂತೆ ತಡೆಯುವ ತಗ್ಗು ನೆಲ ಅದು. ಅಲ್ಲಿ ಮಣ್ಣು ತುಂಬಿಸಿ ಎತ್ತರಿಸಿದರೆ ನೀರು ಎಲ್ಲಿಗೆ ಹೋಗಬೇಕು? ಹತ್ತಿರದ ಚಾಳಿಗೆ, ಸೊಸೈಟಿಯ ತಳಮಾಳಿಗೆಗೆ, ರೈಲ್ವೆ ಹಳಿಗೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿ ನದಿಯ ದಡದವರು ಅನುಭವಿಸಿದ್ದನ್ನು ಈ ನಗರ ಮರೆತಿಲ್ಲ. ಆ ಮಳೆ ದೊಡ್ಡದೇ. ಆದರೆ ನದಿಯ ಅಂಚನ್ನೂ ಕಾಂಡ್ಲಾ ಕಾಡನ್ನೂ ತುಂಬಿಸಿ ಕಟ್ಟಿದ್ದು ನಾಶವನ್ನು ಇನ್ನೂ ದೊಡ್ಡದು ಮಾಡಿತು.

ತೆರೆದ ಜಾಗದ ಲೆಕ್ಕವನ್ನೂ ಒಮ್ಮೆ ನೋಡೋಣ. ಕೇಂದ್ರ ಸರಕಾರದ ನಗರ ಯೋಜನಾ ಮಾರ್ಗಸೂಚಿಯ ಪ್ರಕಾರ ತಲಾ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕು. ಮುಂಬಯಿಯಲ್ಲಿ ಜನರ ಬಳಕೆಗೆ ದೊರೆಯುವುದು ತಲಾ ಒಂದೂಕಾಲು ಚದರ ಮೀಟರ್ ಆಸುಪಾಸು ಎಂದು ನಗರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಹೇಳಲಾಗಿದೆ. ದಿನಪತ್ರಿಕೆಯ ಮೂರು ನಾಲ್ಕು ಹಾಳೆಗಳನ್ನು ಬಿಡಿಸಿ ನೆಲಕ್ಕೆ ಹಾಸಿದರೆ ಎಷ್ಟಾಗುತ್ತದೋ ಅಷ್ಟು. ನಮ್ಮ ಮಕ್ಕಳ ಆಟ, ಹಿರಿಯರ ವಾಯುವಿಹಾರ ಎಲ್ಲವೂ ಅಷ್ಟರಲ್ಲೇ ಆಗಬೇಕು.

ಇದಕ್ಕೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ, ಕಚೇರಿಯಲ್ಲಿ ಸಣ್ಣ ಸಂಬಳಕ್ಕಿರುವವರಿಗೆ ಮುಂಬಯಿಯಲ್ಲಿ ಮನೆ ಕೊಳ್ಳುವುದು ಕನಸಿನ ಮಾತು. ಡೊಂಬಿವಲಿ, ನಾಲಾಸೋಪಾರಾ, ವಿರಾರ್‌ಗಳಿಂದ ದಿನವೂ ಲೋಕಲ್‌ನಲ್ಲಿ ನೇತಾಡಿಕೊಂಡು ಬರುವವರಿಗೆ 'ಜಾಗ ತೆರೆಯಲಿ, ಮನೆ ಅಗ್ಗವಾಗಲಿ' ಎಂದು ಅನ್ನಿಸುವುದು ಸಹಜ. 2034ರ ಯೋಜನೆ ಹತ್ತು ಲಕ್ಷ ಕೈಗೆಟಕುವ ಮನೆಗಳ ಭರವಸೆಯನ್ನೂ ಕೊಟ್ಟಿತ್ತು. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಮಿಲ್ಲುಗಳ ಜಮೀನು ತೆರೆಯಿತು, ಎಫ್‌ಎಸ್‌ಐ ಹೆಚ್ಚಿತು, ಹಳೆಯ ಕಟ್ಟಡಗಳ ಜಾಗದಲ್ಲಿ ಗೋಪುರಗಳು ಎದ್ದವು. ಮನೆಯ ಬೆಲೆ ಇಳಿಯಲಿಲ್ಲ. ಜಾಗ ತೆರೆದ ಮಾತ್ರಕ್ಕೆ ಮನೆ ಅಗ್ಗವಾಗುವುದಿಲ್ಲ ಎಂಬುದನ್ನು ಗಿರಣಗಾಂವ್‌ಗಿಂತ ಚೆನ್ನಾಗಿ ಕಲಿಸುವ ಪಾಠ ಬೇರೊಂದಿಲ್ಲ. ಆದ್ದರಿಂದ ಹಸಿರು ಜಾಗ ಕೇಳುವಾಗ ನಾವು ಕೇಳಬೇಕಾದ ಪ್ರಶ್ನೆಗಳು ಸರಳ. ಕಟ್ಟುವ ಮನೆಗಳಲ್ಲಿ ಬಡವನಿಗೆ ಎಷ್ಟು? ಯಾವ ಬೆಲೆಗೆ? ಮೊದಲೇ ಕಟ್ಟಿ ಖಾಲಿ ಬಿದ್ದಿರುವ ಮನೆಗಳ ಗತಿಯೇನು? ಇವಕ್ಕೆ ಉತ್ತರವಿಲ್ಲದೆ ತೆಗೆದುಕೊಂಡ ಹಸಿರು ಮರಳಿ ಬಾರದ ಸಾಲದಂತೆ.

ನಮ್ಮ ಜನಕ್ಕೆ ಪರಿಸರದ ಕಾಳಜಿ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನಂದಿಕೂರಿನಲ್ಲಿ ಕೊಜೆಂಟ್ರಿಕ್ಸ್ ಉಷ್ಣ ವಿದ್ಯುತ್ ಸ್ಥಾವರದ ಮಾತು ಬಂದಾಗ ಊರಿನ ಕಳವಳ ಮುಂಬಯಿಯಲ್ಲೂ ಕೇಳಿಸಿತು. ಆ ಕಂಪೆನಿ 1999ರಲ್ಲಿ ಹಿಂದೆ ಸರಿದದ್ದು ಎಲ್ಲರಿಗೂ ತಿಳಿದದ್ದೇ. ಅವಿಭಜಿತ ದಕ್ಷಿಣ ಕನ್ನಡದ ಪರಿಸರಕ್ಕಾಗಿ ಜಯಶ್ರೀಕೃಷ್ಣ ಪರಿಸರ ಪ್ರೇಮಿ ಸಮಿತಿ ಈ ಮಹಾನಗರದಲ್ಲಿಯೇ ಹುಟ್ಟಿಕೊಂಡಿತು. ಇದು ಶ್ಲಾಘನೀಯ. ಆದರೆ ಜನ್ಮಭೂಮಿಯ ಗಾಳಿ ನೀರಿಗೆ ಇಷ್ಟು ಮಿಡಿಯುವ ನಾವು ಕರ್ಮಭೂಮಿಯ ಗಾಳಿ ನೀರನ್ನು ಬೇರೆಯವರ ಪಾಲಿಗೆ ಬಿಟ್ಟಿದ್ದೇವೆ. ವರ್ಷದಲ್ಲಿ ಹದಿನೈದು ದಿನ ಕಳೆಯುವ ಊರಿನ ಹೊಳೆಯ ಬಗ್ಗೆ ಇರುವ ಕಳಕಳಿ, ಮುನ್ನೂರೈವತ್ತು ದಿನ ಕಳೆಯುವ ದಹಿಸರ್, ಪೊಯಿಸರ್, ಓಶಿವರಾ ನದಿಗಳ ಬಗ್ಗೆ ಇಲ್ಲ. ಇವು ನದಿಗಳು ಎಂಬುದೇ ನಮ್ಮ ಎಷ್ಟೋ ಮಕ್ಕಳಿಗೆ ತಿಳಿಯದು, ನಾಲಾ ಎಂದೇ ತಿಳಿದಿದ್ದಾರೆ.

ಸಮುದಾಯವೊಂದು ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಪಕ್ಕದ ವಸಯಿಯಲ್ಲಿ 1980ರ ದಶಕದ ಕೊನೆಯಿಂದ ಬಾಳೆ, ವೀಳ್ಯದೆಲೆ, ಹೂವಿನ ತೋಟಗಳ ಹಸಿರು ಪಟ್ಟಿಯನ್ನು ಉಳಿಸಲು ಹರಿತ್ ವಸಯಿ ಸಂರಕ್ಷಣ ಸಮಿತಿ ಹೋರಾಡಿತು. ಅದರ ಮುಂಚೂಣಿಯಲ್ಲಿದ್ದವರು ಧರ್ಮಗುರು, ಮರಾಠಿ ಸಾಹಿತಿ ಫಾದರ್ ಫ್ರಾನ್ಸಿಸ್ ದಿಬ್ರಿಟೊ. 2020ರ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಅವರು 2024ರಲ್ಲಿ ತೀರಿಕೊಂಡರು. ಎಲ್ಲವನ್ನೂ ಅವರು ಉಳಿಸಿಕೊಳ್ಳಲಿಲ್ಲ ನಿಜ. ಆದರೆ ಇಂದಿಗೂ ವಸಯಿಯ ಪಶ್ಚಿಮದಲ್ಲಿ ಬಾವಿಯ ನೀರು, ತೋಟದ ನೆರಳು ಉಳಿದಿದ್ದರೆ ಅದರ ಹಿಂದೆ ಸಾಹಿತ್ಯವನ್ನೂ ಚಳವಳಿಯನ್ನೂ ಬೇರೆ ಬೇರೆ ಮಾಡದ ಆ ಜನರ ಶ್ರಮವಿದೆ. ಸಾಹಿತ್ಯ ಸಮ್ಮೇಳನ ನಡೆಸುವ ನಮಗೂ ಇದರಲ್ಲಿ ಕಲಿಯುವುದಿದೆ.

ಹಾಗಾದರೆ ಮಾಡಬೇಕಾದ್ದೇನು? ಇದಕ್ಕೆ ಮೆರವಣಿಗೆ, ಘೋಷಣೆಗಳೇ ಬೇಕೆಂದಿಲ್ಲ. ಮಂಜೂರಾದ ಯೋಜನೆಯೂ ಕಲ್ಲಿನ ಶಾಸನವಲ್ಲ. ಕಾಯಿದೆಯ 37ನೇ ಕಲಮಿನಡಿ ಅದಕ್ಕೆ ತಿದ್ದುಪಡಿಗಳು ಆಗುತ್ತಲೇ ಇರುತ್ತವೆ. ಒಂದು ಉದ್ಯಾನದ ಮೀಸಲಾತಿ ತೆಗೆಯಲು, ಒಂದು ಮೈದಾನದ ಉದ್ದೇಶ ಬದಲಿಸಲು ಹೊರಡುವ ನೋಟಿಸು ರಾಜಪತ್ರದಲ್ಲಿ, ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರುತ್ತದೆ. ಆಕ್ಷೇಪಕ್ಕೆ ಇರುವ ಅವಧಿ ಒಂದು ತಿಂಗಳು. ಆ ತಿಂಗಳು ಕಳೆದ ಮೇಲೆ ಜೆಸಿಬಿ ಬಂದಾಗ ಕೂಗಿದರೆ ಕೇಳುವವರಿಲ್ಲ.

ಪ್ರತಿಯೊಂದು ಸಂಘವೂ ಮೂವರು ನಾಲ್ವರ ಒಂದು ಉಪಸಮಿತಿ ಮಾಡಲಿ. ನಿವೃತ್ತ ಇಂಜಿನಿಯರರು, ವಕೀಲರು, ಬ್ಯಾಂಕು ವಿಮೆಗಳಲ್ಲಿ ಕಡತ ನೋಡಿ ನುರಿತವರು ನಮ್ಮಲ್ಲಿ ಧಾರಾಳವಾಗಿದ್ದಾರೆ. ತಮ್ಮ ವಾರ್ಡಿನ ನಕ್ಷೆಯ ಹಾಳೆಗಳನ್ನು ಪಾಲಿಕೆಯಿಂದ ಪಡೆಯಲಿ, ಸಂಶಯದ ಜಾಗಗಳಿಗೆ ಶುಲ್ಕ ಕಟ್ಟಿ ಡಿಪಿ ರಿಮಾರ್ಕ್ ತೆಗೆಯಲಿ. ನಕ್ಷೆಯಲ್ಲಿ ಹಸಿರು ಬಣ್ಣ ಇರುವ ಜಾಗ ನೆಲದ ಮೇಲೂ ಹಸಿರಾಗಿದೆಯೇ, ಗೇಟಿಗೆ ಬೀಗ ಬಿದ್ದಿದೆಯೇ, ವಾಹನ ನಿಲುಗಡೆಯಾಗಿದೆಯೇ ಎಂದು ಒಂದು ಭಾನುವಾರ ನಡೆದು ನೋಡಲಿ. ಯುವ ವಿಭಾಗ, ಮಹಿಳಾ ವಿಭಾಗಗಳಿಗೆ ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ಬೇರೊಂದಿಲ್ಲ. ತಿದ್ದುಪಡಿಯ ನೋಟಿಸು ಬಂದಾಗ ಸಂಘದ ಲೆಟರ್‌ಹೆಡ್‌ನಲ್ಲಿ, ಮರಾಠಿಯಲ್ಲಿ, ಸರ್ವೆ ನಂಬರು ಸಹಿತ ಆಕ್ಷೇಪ ಬರೆದು ಸ್ವೀಕೃತಿಯ ಮೊಹರು ಪಡೆಯಲಿ. ಭವನಕ್ಕೆ, ಶಾಲೆಗೆ ಜಾಗ ಬೇಕೆಂದು ಮಂತ್ರಾಲಯದ ಮೆಟ್ಟಿಲು ಹತ್ತಿ ಇಳಿದ ಅನುಭವ ನಮ್ಮ ಪದಾಧಿಕಾರಿಗಳಿಗೆ ಬೇಕಾದಷ್ಟಿದೆ. ಅದೇ ಶ್ರಮದ ಕಾಲುಭಾಗ ಇಲ್ಲಿ ಸಾಕು.

2022ರ ಮಾರ್ಚ್‌ನಿಂದ ಸುಮಾರು ನಾಲ್ಕು ವರ್ಷ ಪಾಲಿಕೆಯಲ್ಲಿ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲೇ ಎಲ್ಲವೂ ನಡೆಯಿತು. 2026ರ ಜನವರಿಯಲ್ಲಿ ಚುನಾವಣೆ ನಡೆದು 227 ಮಂದಿ ಆರಿಸಿ ಬಂದಿದ್ದಾರೆ. ನಮ್ಮ ಸಮಾರಂಭಗಳಿಗೆ ಅವರನ್ನು ಕರೆದು ಶಾಲು ಹೊದಿಸಿ, ಫಲಪುಷ್ಪ ಕೊಟ್ಟು ಗೌರವಿಸುವ ವಾಡಿಕೆ ಮುಂದುವರಿಯಲಿ, ಅಡ್ಡಿಯಿಲ್ಲ. ಜತೆಗೆ ವಾರ್ಡಿನ ತೆರೆದ ಜಾಗಗಳ ಒಂದು ಪಟ್ಟಿಯನ್ನೂ ಅವರ ಕೈಗಿತ್ತು, ಮುಂದಿನ ವರ್ಷದ ಸಮಾರಂಭಕ್ಕೆ ಬರುವಾಗ ಇವುಗಳಲ್ಲಿ ಒಂದೂ ಕಡಿಮೆಯಾಗದಂತೆ ನೋಡಿಕೊಳ್ಳಿ ಎಂದು ವೇದಿಕೆಯಲ್ಲೇ ಕೇಳಿಕೊಳ್ಳಬೇಕು. ಸಂಘದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಒಂದು ವಿಷಯ ಸೇರಲಿ ಎಂಬುದು ನಮ್ಮ ವಿನಂತಿ.