ಅರ್ಧ ಎಕರೆಯಿಂದ ಆರಂಭಿಸೋಣ



ಕೂಡಲಿಯಲ್ಲಿ ಸೇರುವ ತುಂಗೆ, ಭದ್ರೆಗಳು ತುಂಗಭದ್ರೆಯಾಗಿ ಸಿಂಧನೂರು ತಾಲ್ಲೂಕಿನ ಮುಕ್ಕುಂದದವರೆಗೂ ಹರಿಯುತ್ತವೆ. ನಮ್ಮ ತೋಟಗಳಿಂದ ಕೊಚ್ಚಿಹೋಗುವ ರಾಸಾಯನಿಕ ಗೊಬ್ಬರ, ಔಷಧಿಗಳಿಗೂ ಅದೇ ದಾರಿ. ಆದುದರಿಂದ ಸಾವಯವ ಕೃಷಿ ನಮ್ಮೊಬ್ಬರ ಮನೆಯ ವಿಚಾರವಲ್ಲ.

ಹಾಗೆಂದು ಇಡೀ ತೋಟಕ್ಕೆ ಒಮ್ಮೆಲೇ ಗೊಬ್ಬರ ನಿಲ್ಲಿಸುವುದು ದುಡುಕು. ಕೊಟ್ಟಿಗೆಗೆ ಹತ್ತಿರದ ಅರ್ಧ ಎಕರೆಯನ್ನು ಮೊದಲು ಆರಿಸಿರಿ. ಸೊಪ್ಪು, ಸಗಣಿ, ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆ ಚೆನ್ನಾಗಿ ಕೊಳೆಸಿ ಹಾಕಿರಿ. ಕೊಳೆರೋಗದ ಭಯ ಬೇಡ. ಬೋರ್ಡೊ ದ್ರಾವಣವನ್ನು ದೃಢೀಕರಣ ಸಂಸ್ಥೆಯ ಒಪ್ಪಿಗೆ ಪಡೆದು ಮಿತಿಯೊಳಗೆ ಬಳಸಬಹುದು.

ಅಡಿಕೆ, ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ 3 ವರ್ಷ. ಆ ಅವಧಿಯಲ್ಲಿ ಇಳುವರಿ ತಗ್ಗಬಹುದು, ಸಾವಯವದ ಬೆಲೆಯೂ ಸಿಗದು. ಸಣ್ಣ ಹಿಡುವಳಿದಾರ ಸೋಲುವುದು ಇಲ್ಲಿಯೇ. ಸಹಕಾರ ಸಂಘಗಳು ಗುಂಪು ದೃಢೀಕರಣ ಮಾಡಿಸಿ ಅದರ ವೆಚ್ಚವನ್ನು ಹೊರಬೇಕು. ಸಹಕಾರವೆಂದರೆ ಅದೇ ಅಲ್ಲವೇ?