ಕಿಟಕಿ ತೆರೆಯುವ ಪಾಠ

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಬೋಧಿಸಿದವನು ನಾನು. ಗಾಳಿಯ ಘಟಕಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಮೈದಾನದ ಗದ್ದಲ ಪಾಠಕ್ಕೆ ಅಡ್ಡಿಯೆಂದು ಕಿಟಕಿಗಳನ್ನೂ ಮುಚ್ಚಿಸುತ್ತಿದ್ದೆ. ಅದರ ವಿಪರ್ಯಾಸ ಅರಿವಾದದ್ದು ನಿವೃತ್ತಿಯ ನಂತರ.

2021ರ ಏಪ್ರಿಲ್. ಬಂಧುಗಳ ಮನೆಯಲ್ಲೊಂದು ನಾಮಕರಣ. ಬಾಗಿಲಲ್ಲೇ ಎಲ್ಲರೂ ಶ್ರದ್ಧೆಯಿಂದ ಸ್ಯಾನಿಟೈಸರ್ ಹಚ್ಚಿಕೊಂಡೆವು. ಒಳಗೆ ಹದಿನೈದು ಮಂದಿ, ಒಂದೇ ಕೋಣೆ. ಮಗುವಿಗೆ ಸೊಳ್ಳೆ ಕಚ್ಚೀತೆಂದು ಕಿಟಕಿಗಳು ಮುಚ್ಚಿದ್ದವು. ಹರಟೆಗೆ ಅನುಕೂಲವಾಗಲೆಂದು ಮಾಸ್ಕುಗಳು ಗದ್ದಕ್ಕಿಳಿದಿದ್ದವು. ವಾರದೊಳಗೆ ಒಂಬತ್ತು ಮಂದಿ ಹಾಸಿಗೆ ಹಿಡಿದರು. ನನ್ನ ಅಣ್ಣ ಆಸ್ಪತ್ರೆಯಿಂದ ಮರಳಲಿಲ್ಲ. ಸೋಂಕು ಅಲ್ಲಿಯೇ ತಗುಲಿತೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೂ ಆ ಮುಚ್ಚಿದ ಕಿಟಕಿಗಳು ಇಂದಿಗೂ ನನ್ನ ಕಣ್ಣ ಮುಂದಿವೆ.

ಈ ಅಜ್ಞಾನ ನಮ್ಮದಷ್ಟೇ ಆಗಿರಲಿಲ್ಲ. 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಕೋವಿಡ್ ಗಾಳಿಯಿಂದ ಹರಡುವ ರೋಗವಲ್ಲವೆಂದು ಸಾರಿತ್ತು. ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಮನವಿಯೊಂದನ್ನು ಬೆಂಬಲಿಸಿ, ಗಾಳಿಯ ಮೂಲಕವೂ ಸೋಂಕು ಹರಡುತ್ತದೆಂದು ಎಚ್ಚರಿಸಿದರು. ಕೆಮ್ಮಬೇಕೆಂದೇನಿಲ್ಲ, ಬರಿಯ ಮಾತಿನಿಂದಲೂ ಹೊಮ್ಮುವ ಅತಿಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯಲ್ಲಿ ಊದುಬತ್ತಿಯ ಹೊಗೆಯಂತೆ ತೇಲುತ್ತಿರುತ್ತವೆ. ಆರಡಿ ದೂರ ಕುಳಿತ ಮಾತ್ರಕ್ಕೆ ಊದುಬತ್ತಿಯ ವಾಸನೆ ತಪ್ಪುವುದೇ? ಫ್ಯಾನು ಅದನ್ನು ಕೋಣೆಯೊಳಗೇ ಸುತ್ತಿಸುತ್ತದೆ. ಮನೆಗಳಲ್ಲಿರುವ ಸಾಮಾನ್ಯ ಏ.ಸಿ.ಯೂ ಒಳಗಿನ ಗಾಳಿಯನ್ನೇ ತಂಪುಮಾಡಿ ಮರಳಿ ಬಿಡುತ್ತದೆ. ಎದುರುಬದುರಿನ ಎರಡು ಕಿಟಕಿಗಳನ್ನು ತೆರೆದರೆ ಗಾಳಿ ಹಾದುಹೋಗುತ್ತದೆ. ಸೊಳ್ಳೆಗಾದರೆ ಬಲೆ ಹಾಕಿಸಬಹುದು. ಕಿಟಕಿ ತೆರೆಯಲಾಗದ ಬಸ್ಸು, ಆಸ್ಪತ್ರೆಗಳಲ್ಲಿ ಮಾಸ್ಕೇ ಕಿಟಕಿಯ ಕೆಲಸ ಮಾಡಬೇಕು. ಎನ್-95 ಮಾಸ್ಕಿನ ಪದರ ಸೂಕ್ಷ್ಮ ಕಣಗಳಲ್ಲಿ ಶೇಕಡಾ 95ರಷ್ಟನ್ನಾದರೂ ಸೋಸಬಲ್ಲದು. ಆದರೆ ಮೂಗಿನ ಬಳಿ ಸಂದು ಬಿಟ್ಟರೆ ಆ ಲೆಕ್ಕ ನಿಲ್ಲದು.

“ಕೋವಿಡ್ ಮುಗಿಯಿತಲ್ಲ ಮೇಷ್ಟ್ರೇ, ಇನ್ನೇಕೆ ಈ ಉಪದೇಶ?” ಎನ್ನುವವರಿದ್ದಾರೆ. ಕ್ಷಯ, ದಡಾರಗಳು ಹರಡುವುದೂ ಇದೇ ಗಾಳಿಯಲ್ಲಿ. ಕ್ಷಯಕ್ಕೆ ಔಷಧಿಯಿಲ್ಲದ ಕಾಲದಲ್ಲಿ ಆರೋಗ್ಯಧಾಮಗಳನ್ನು ಗಾಳಿ ಬೆಳಕು ಧಾರಾಳವಾಗಿರುವೆಡೆ ಕಟ್ಟುತ್ತಿದ್ದರು. ಹಿರಿಯರಿಗಿದ್ದ ಆ ವಿವೇಕವನ್ನು ನಾವು ಕಳೆದುಕೊಂಡಿದ್ದೇವೆ. ಇಂದು ಟ್ಯೂಷನ್ ಕೋಣೆಗಳಿಗೂ ಕಲ್ಯಾಣ ಮಂಟಪಗಳಿಗೂ ತೆರೆಯಲಾಗದ ಗಾಜನ್ನು ಕೂರಿಸಿ, ಅದನ್ನೇ ಅಂತಸ್ತೆಂದು ಭಾವಿಸಿದ್ದೇವೆ.

ಪೋಷಕ ಮಿತ್ರರಲ್ಲಿ ನನ್ನದೊಂದು ವಿನಂತಿ: ಮಕ್ಕಳನ್ನು ಶಾಲೆಗೆ ಸೇರಿಸುವಾಗ ಫಲಿತಾಂಶದ ಜೊತೆಗೆ ತರಗತಿಯ ಕಿಟಕಿಗಳನ್ನೂ ವಿಚಾರಿಸಿ. ಶಿಕ್ಷಕ ಬಂಧುಗಳೇ, ಹಾಜರಿ ಕರೆಯುವ ಮುನ್ನ ಅವುಗಳನ್ನು ತೆರೆಯಿರಿ. ಮೈದಾನದ ಗದ್ದಲ ಒಳಬಂದರೆ ಬರಲಿ. ದನಿ ಸ್ವಲ್ಪ ಏರಿಸಿ ಪಾಠ ಮಾಡಿದರಾಯಿತು.